ತಬ್ಬಲಿ ನಿಂತ ಜಾಗ: ಗೋವಿನ ಹಾಡಿನ ಪ್ರಾಸ, ಲಯ

ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಓದುಗುಂಪಿನಲ್ಲಿ ಅರ್ಧ ಜನ ಮರಾಠಿ ಮಾಧ್ಯಮದಲ್ಲಿ ಓದಿದವರು. ಪ್ರಾಸ ಎಂದ ಕೂಡಲೇ ಕಣ್ಣು ಸಾಲಿನ ಕೊನೆಗೆ ಓಡುತ್ತದೆ. ಮರಾಠಿಯ ‘ಯಮಕ’ ಇರುವುದು ಅಲ್ಲೇ ಅಲ್ವಾ? ನಾನೂ ಹಾಗೇ ಹುಡುಕಿ, ಗೋವಿನ ಹಾಡಿನಲ್ಲಿ ಪ್ರಾಸ ಕಮ್ಮಿ ಎಂದು ಬರೆದುಕೊಂಡಿದ್ದೆ. ತಪ್ಪು. ಹಳೆಯ ಕನ್ನಡ ಪದ್ಯದಲ್ಲಿ ಮೊದಲು ನೋಡಬೇಕಾದ್ದು ಸಾಲಿನ ಎರಡನೇ ಅಕ್ಷರ.

ಧರಣಿ ಮಂಡಲ ಮಧ್ಯದೊಳಗೆ
ಮೆರೆಯುತಿಹ ಕರ್ನಾಟ ದೇಶದಿ
ಇರುವ ಕಾಳಿಂಗನೆಂಬ ಗೊಲ್ಲನ
ಪರಿಯ ನಾನೆಂತು ಪೇಳ್ವೆನು

ರ, ರೆ, ರು, ರಿ. ಸ್ವರ ಬದಲಾಗಬಹುದು, ವ್ಯಂಜನ ಬದಲಾಗಬಾರದು. ಇದೇ ಆದಿಪ್ರಾಸ.

ಲಯಕ್ಕೆ ಲಘು (ಹ್ರಸ್ವ ಅಕ್ಷರ) 1 ಮಾತ್ರೆ, ಗುರು (ದೀರ್ಘ ಅಕ್ಷರ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ) 2 ಮಾತ್ರೆ ಎಂದು ಎಣಿಸಿ. ಧರಣಿ 3, ಮಂಡಲ 4, ಮಧ್ಯ 3, ‘ದೊಳಗೆ’ಯ ಕೊನೆ ಎಳೆದರೆ 4. ಆರು ಸಾಲಿನ ಭಾಮಿನಿ ಷಟ್ಪದಿಯಲ್ಲೂ ಇದೇ 3+4ರ ನಡೆ. ಗಣ, ಅಂದರೆ ಮಾತ್ರೆಗಳ ಈ ಗುಂಪು, ಪದದ ಗಡಿ ನೋಡುವುದಿಲ್ಲ: ‘ಸತ್ಯವೇ ನಮ್ಮ ತಾಯಿ ತಂದೆ’ ಎಂಬುದು ಸತ್ಯ | ವೇನಮ್ | ಮತಾ | ಯಿತಂದೆ ಎಂದು ಒಡೆಯುತ್ತದೆ. ಮೇಲಿನ ‘ಕಾಳಿಂಗನೆಂಬ’ ಸಾಲಿನಲ್ಲಿ ಒಂದು ಮಾತ್ರೆ ಜಾಸ್ತಿ. ಹಾಡುವಾಗ ಅದು ಗೊತ್ತೇ ಆಗುವುದಿಲ್ಲ. ಬಾಯಲ್ಲಿ ಬೆಳೆದ ಹಾಡು, ಸುಮ್ನೆ ತಿದ್ದಲು ಹೋಗಬೇಡಿ.

ಇನ್ನು ನನಗೆ ತುಂಬಾ ಇಷ್ಟವಾದ ಜಾಗ. ಪುಣ್ಯಕೋಟಿ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ:

ಮುಂದೆ ಬಂದರೆ ಹಾಯದಿರಿ
ಹಿಂದೆ ಬಂದರೆ ಒದೆಯದಿರಿ
ಕಂದ ನಿಮ್ಮವನೆಂದು ಕಾಣಿರಿ
ತಬ್ಬಲಿಯನೀ ಕರುವನು

ಮುಂದೆ, ಹಿಂದೆ, ಕಂದ. ‘ಬಂದರೆ’ ಎರಡು ಸಲ, ಸಾಲಿನ ಕೊನೆಗೂ ರಿ, ರಿ, ರಿ. ನಾಲ್ಕನೇ ಸಾಲಿಗೂ ‘ಂದ’ ಬರುತ್ತದೆ ಎಂದು ಕಿವಿ ಕಾಯುತ್ತಿರುತ್ತದೆ. ಬರುವುದು ‘ತಬ್ಬಲಿ’. ದಿಕ್ಕಿಲ್ಲದ ಕರುವಿನ ಹಾಗೆ ಆ ಪದಕ್ಕೂ ಜೊತೆಯಿಲ್ಲ. ಬೇಕೆಂದೇ ಹೀಗೆ ಕಟ್ಟಿದರೋ, ತಾನಾಗಿ ಬಂತೋ, ಕೇಳಲು ಕಟ್ಟಿದವರ ಹೆಸರೇ ಇಲ್ಲ. ಮುಂದಿನ ನುಡಿ ನೋಡಿ:

ತಬ್ಬಲಿಯು ನೀನಾದೆ ಮಗನೆ
ಹೆಬ್ಬುಲಿಯ ಬಾಯನ್ನು ಹೊಗುವೆನು
ಇಬ್ಬರ ಋಣ ತೀರಿತೆಂದು
ತಬ್ಬಿಕೊಂಡಿತು ಕಂದನ

ಒಂಟಿಯಾಗಿದ್ದ ‘ಬ್ಬ’ ಈಗ ನಾಲ್ಕೂ ಸಾಲಿಗೆ ಹಬ್ಬಿದೆ. ತಬ್ಬಲಿ ಎಂದು ಶುರುವಾಗಿ ತಬ್ಬಿಕೊಳ್ಳುವುದರಲ್ಲಿ ಮುಗಿಯುತ್ತದೆ, ನಡುವೆ ಹೆಬ್ಬುಲಿ. ಹಿಂದಿನ ನುಡಿಯ ‘ಕಂದ’ ಕೂಡ ಕೊನೆಯ ಪದವಾಗಿ ವಾಪಸ್ ಬಂತು.

ಈ ಎರಡು ನುಡಿಗಳನ್ನು ಒಟ್ಟಿಗೇ, ಗಟ್ಟಿಯಾಗಿ ಓದಿಕೊಳ್ಳಿ. ನಾನು ಲೋಕಲ್ ರೈಲಿನಲ್ಲಿ ಬಾಗಿಲ ಹತ್ತಿರ ನಿಂತು ಗುನುಗಿದ್ದೆ. ಪಕ್ಕದವರು ‘ಭಜನೆಯಾ?’ ಎಂದು ಕೇಳಿದರು.