ಜಾರುವ ಭುಜ: ಸ್ಕ್ಯಾನ್ ಹೇಳುವುದೆಷ್ಟು, ರೋಗಿ ಹೇಳುವುದೆಷ್ಟು

ಉಡುಪಿ, ಮಂಗಳೂರಿನ ಕಬಡ್ಡಿ ಅಂಕಣಗಳಲ್ಲಿ ‘ಭುಜ ಜಾರಿತು’ (ಕೀಲು ತಪ್ಪಿತು) ಎಂಬ ಮಾತು ಹೊಸದಲ್ಲ. ರೈಡರ್‌ನ ಚಾಚಿದ ಕೈಯನ್ನು ಮೂವರು ಹಿಡಿದು ಹಿಂದಕ್ಕೆ ತಿರುಚಿದರೆ ಸಾಕು. ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ಆರ್ತ್ರೋಸ್ಕೋಪಿ ಶಸ್ತ್ರಚಿಕಿತ್ಸೆಯಾದ ಮೇಲೂ ಗೊಂದಲ ತೀರುವುದಿಲ್ಲ. ಎಂಆರ್‌ಐ ಚೆನ್ನಾಗಿದ್ದರೂ ಕೈ ಎತ್ತಲು ಹೆದರುವವರಿದ್ದಾರೆ. ವರದಿಯ ತುಂಬ ದೋಷಗಳಿದ್ದರೂ ಮಲ್ಪೆಯಲ್ಲಿ ಬಲೆ ಎಳೆಯಬಲ್ಲವರೂ ಇದ್ದಾರೆ.

ಹಿಪ್ಪೊಕ್ರೆಟಿಸ್ ಕಾಲದಲ್ಲಿ ಇದಕ್ಕೆ ಕಂಕುಳಿಗೆ ಬರೆ ಹಾಕುತ್ತಿದ್ದರು. 1923ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಬ್ಯಾಂಕಾರ್ಟ್, ಭುಜದ ಬಟ್ಟಲಿನ ಅಂಚಿನಿಂದ ಕಿತ್ತುಬಂದ ಲೇಬ್ರಮ್ ಎಂಬ ಮೃದ್ವಸ್ಥಿಯ ಪಟ್ಟಿಯ ಕಡೆಗೆ ಗಮನ ಸೆಳೆದರು. 1940ರಲ್ಲಿ ಹಿಲ್ ಮತ್ತು ಸ್ಯಾಕ್ಸ್ ತೋಳಿನ ಮೂಳೆಯ ತಲೆಯಲ್ಲಿ ಬೀಳುವ ತಗ್ಗನ್ನು ಎಕ್ಸ್‌ರೇಯಲ್ಲಿ ವಿವರಿಸಿದರು. 1954ರಲ್ಲಿ ಲಾಟಾರ್ಜೆ ಬಟ್ಟಲಿನ ಅಂಚಿಗೆ ಮೂಳೆಯ ತುಂಡು ಕೂರಿಸುವ ವಿಧಾನ ತಂದರು. ಆಮೇಲೆ ಆರ್ತ್ರೋಸ್ಕೋಪಿ ಬಂತು. ಸಣ್ಣ ರಂಧ್ರ, ಸಣ್ಣ ಗಾಯ. ಸಹಜವಾಗಿಯೇ ಎಲ್ಲರಿಗೂ ಅದೇ ಬೇಕೆನಿಸಿತು.

ಲೆಕ್ಕ ಬದಲಾದದ್ದು 2000ದಲ್ಲಿ. ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಕಿತ್ತ ಲೇಬ್ರಮ್ ಅನ್ನು ಮತ್ತೆ ಹೊಲಿದ 194 ಆರ್ತ್ರೋಸ್ಕೋಪಿ ದುರಸ್ತಿಗಳ ಫಲಿತಾಂಶ ಪ್ರಕಟಿಸಿದರು. ಮೂಳೆಗೆ ಹೆಚ್ಚು ಪೆಟ್ಟಾಗದವರಲ್ಲಿ ಭುಜ ಮತ್ತೆ ಜಾರಿದ್ದು ಶೇ 4ರಷ್ಟು ಮಂದಿಗೆ. ಮೂಳೆ ಗಣನೀಯವಾಗಿ ನಷ್ಟವಾದವರಲ್ಲಿ ಶೇ 67. ಮೈಗೆ ಮೈ ತಾಗುವ ಆಟಗಳವರಲ್ಲಿ ಮೂಳೆ ನಷ್ಟವಿದ್ದರೆ ಅದು ಶೇ 89ಕ್ಕೆ ಏರಿತ್ತು. ಅವರು ಕಬಡ್ಡಿ ಆಟಗಾರರನ್ನು ನೋಡಿದ್ದಲ್ಲ. ಆದರೂ ನಮ್ಮ ಕರಾವಳಿಯವರು ಓದಲೇಬೇಕಾದ ಅಂಕಿ ಇದು. ಮೂಳೆಯೇ ಇಲ್ಲದ ಕಡೆ ಎಷ್ಟು ಅಂದವಾಗಿ ಹೊಲಿದರೇನು?

ಹೀಗೆ ಸಿಟಿ ಸ್ಕ್ಯಾನ್‌ಗೆ ಬೆಲೆ ಬಂತು. ಮೂರು ಆಯಾಮದ ಚಿತ್ರದಿಂದ ತೋಳಿನ ತಲೆಯನ್ನು ಅಳಿಸಿ ಬಟ್ಟಲನ್ನು ನೇರಕ್ಕೆ ತಿರುಗಿಸುತ್ತಾರೆ. ಅದರ ಕೆಳಭಾಗಕ್ಕೆ ಒಂದು ವೃತ್ತ ಎಳೆದರೆ, ಮುಂದಿನ ಅಂಚಿನಲ್ಲಿ ಎಷ್ಟು ಮೂಳೆ ಹೋಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. 2014ರಲ್ಲಿ ಡಿ ಜಾಕೊಮೊ ಮತ್ತು ಸಂಗಡಿಗರು ಈ ನಷ್ಟವನ್ನೂ ತೋಳಿನ ತಗ್ಗನ್ನೂ ಒಟ್ಟಿಗೆ ಅಳೆದು ಚಿಕಿತ್ಸೆ ಆರಿಸುವ ದಾರಿ ತೋರಿಸಿದರು.

ಶಸ್ತ್ರಚಿಕಿತ್ಸೆಯ ನಂತರದ ಚಿತ್ರ ಇಷ್ಟು ಸ್ಪಷ್ಟವಲ್ಲ. ಲೇಬ್ರಮ್ ಅನ್ನು ಮೂಳೆಗೆ ಬಿಗಿದಿಡುವ ಲೋಹದ ಆ್ಯಂಕರ್ ಇದ್ದರೆ ಎಂಆರ್‌ಐ ಮಸುಕಾಗುತ್ತದೆ. ಕರಗುವ ಆ್ಯಂಕರ್‌ನ ಸುತ್ತ ಮೂಳೆಯಲ್ಲಿ ಪೊಳ್ಳು ಕಾಣಿಸಬಹುದು. ಅಷ್ಟಕ್ಕೇ ಚಿಕಿತ್ಸೆ ಸೋತಿತು ಎನ್ನಲಾಗದು. ಶಸ್ತ್ರಚಿಕಿತ್ಸೆಯ ಫಲಿತಾಂಶ ಅಳೆಯುವ 1978ರ ರೋವ್ ಮಾಪನದಲ್ಲಿ ಸ್ಥಿರತೆಗೆ 50, ಚಲನೆಗೆ 20, ದಿನನಿತ್ಯದ ಕೆಲಸಕ್ಕೆ 30 ಅಂಕ. ಸ್ಕ್ಯಾನ್‌ಗೆ ಒಂದು ಅಂಕವೂ ಇಲ್ಲ.

ಆದ್ದರಿಂದ ಖರ್ಚಿಗೆ ಕೈ ಬಿಗಿಯಾಗಿರುವ ಮನೆಯವರು ಮೊದಲ ಶಸ್ತ್ರಚಿಕಿತ್ಸೆಗೆ ಮುನ್ನವೇ ಸಿಟಿ ಬೇಕೇ ಎಂದು ಕೇಳುವುದು ಲೇಸು. ಆಮೇಲೆ ಬೇಕಾದದ್ದು ವ್ಯಾಯಾಮ ಮತ್ತು ದೀರ್ಘಕಾಲದ ನಿಗಾ. ಬೈಂದೂರಿನಿಂದ ಬಸ್ ಹತ್ತಿ ಬರುವವನಿಗೆ ಪ್ರತಿ ಭೇಟಿಯೂ ಒಂದು ದಿನದ ದುಡಿಮೆಯ ನಷ್ಟ. ಆಕ್ಸ್‌ಫರ್ಡ್ ಭುಜದ ಅಸ್ಥಿರತೆಯ ಪ್ರಶ್ನಾವಳಿಯಲ್ಲಿರುವುದು 12 ಪ್ರಶ್ನೆಗಳು, ಉತ್ತರಿಸುವವನು ರೋಗಿಯೇ. ಅಂಥವನ್ನು ಕನ್ನಡಕ್ಕೆ, ತುಳುವಿಗೆ ಒಗ್ಗಿಸಿಕೊಂಡು ಎರಡು ವರ್ಷದವರೆಗೆ ಫೋನಿನಲ್ಲೇ ಕೇಳುವ ವ್ಯವಸ್ಥೆ ಇಲ್ಲಿನ ಆಸ್ಪತ್ರೆಗಳ ಕೈಮೀರಿದ್ದೇನಲ್ಲ.