ಬದು ದಾಟಿದ ನಕಾರ

ಕ್ರಿಕೆಟ್ ನೋಡುವವರ ಬಾಯಲ್ಲಿ ಸದಾ ಇರುವ ‘ಅಂಪೈರ್’ ಹುಟ್ಟಿದ್ದು ಹಾಗಲ್ಲ. ಮಧ್ಯಕಾಲದ ಇಂಗ್ಲಿಷಿನಲ್ಲಿ ಅದು ‘ನೂಂಪೆರ್’. ಹಳೆಯ ಫ್ರೆಂಚಿನ ‘ನೊನ್‌ಪೆರ್’ ಅದರ ಮೂಲ. ಜೋಡಿಯಿಲ್ಲದ್ದು, ಬೆಸ ಎಂದರ್ಥ. ಇಬ್ಬರ ಜಗಳದಲ್ಲಿ ಯಾರ ಕಡೆಗೂ ಸೇರದ ಮೂರನೆಯವನು. ಎಷ್ಟು ಚೆಂದದ ಅರ್ಥ! ‘ಅಲ್ಲ’ ಎಂದು ಹೇಳುತ್ತಿದ್ದ ಆ ನಕಾರವೇ ಎಲ್ಲಿ ಹೋಯಿತು?

ಪಕ್ಕದ ಪದಕ್ಕೆ ಹೋಯಿತು. ಇಂಗ್ಲಿಷಿನವರು ‘ಒಂದು’ ಎನ್ನಲು ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’ ಬಳಸುತ್ತಾರೆ. ಪದಗಳ ನಡುವೆ ಜಾಗ ಬಿಡುವುದು ಕೈ, ಬಾಯಲ್ಲ. ‘ಅ ನೂಂಪೆರ್’ ಅಂದರೂ ‘ಅನ್ ಊಂಪೆರ್’ ಅಂದರೂ ಕಿವಿಗೆ ಬೀಳುವುದು ಒಂದೇ. ಕನ್ನಡದಲ್ಲಿ ‘ಅವನಲ್ಲ’ ಎಂದು ಗಟ್ಟಿಯಾಗಿ ಹೇಳಿ ನೋಡಿ: ಅವನು ಅಲ್ಲವೋ, ಅವ ನಲ್ಲನೋ? ಎರಡು ಹೊಲಗಳ ಬದುವಿನ ಮೇಲೆ ನಿಂತ ಮರ ಈ ನಕಾರ. ಅಪ್ಪನ ಕಾಲಕ್ಕೆ ಈಚೆಯವರದು. ಮಗ ಉಳುವಷ್ಟರಲ್ಲಿ ಬದು ಸರಿದು ಆಚೆಯವರದು. ಜಂಕ್ಷನ್ನಿನಲ್ಲಿ ಕೊಂಡಿ ಕಳಚಿ ಬೇರೆ ರೈಲಿಗೆ ಸೇರಿಸಿದ ಬೋಗಿ ಅನ್ನಿ ಬೇಕಾದರೆ. ಓದು ಬಾರದ ಮಗು ಕೇಳಿದ್ದನ್ನು ತನಗೆ ತೋಚಿದಲ್ಲಿ ಕತ್ತರಿಸುತ್ತದೆ, ಅದರ ಮಕ್ಕಳು ಹಾಗೇ ಕಲಿಯುತ್ತಾರೆ.

ಸುಮಾರು 1300ರಿಂದ 1500ರ ನಡುವೆ ಇಂಗ್ಲೆಂಡಿನಲ್ಲಿ ಇಂಥ ಒತ್ತುವರಿ ಹಲವು ನಡೆದವು. ಹಾವಿಗಿದ್ದ ‘ನ್ಯಾಡ್ರೆ’ ಇಂದು ‘ಆ್ಯಡರ್’. ಜರ್ಮನ್ನಿನ ಸೋದರ ಪದ ‘ನಾಟರ್’ ಮಾತ್ರ ನಕಾರ ಬಿಟ್ಟಿಲ್ಲ. ‘ನೇಪ್ರನ್’ ‘ಏಪ್ರನ್’ ಆಯಿತು, ಅದೇ ಮನೆತನದ ‘ನ್ಯಾಪ್ಕಿನ್’ ಹಾಗೇ ಉಳಿಯಿತು. ಇವೆರಡರ ಅಜ್ಜಿ ಲ್ಯಾಟಿನ್ನಿನ ‘ಮಪ್ಪ’, ಅಂದರೆ ಬಟ್ಟೆ. ನಕಾಶೆಗೆ ‘ಮ್ಯಾಪ್’ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ.

ನನಗೆ ಎಲ್ಲಕ್ಕಿಂತ ಇಷ್ಟ ಬಡಗಿಯ ಬೈರಿಗೆ. ಇಂದಿನ ‘ಆಗರ್’ ಹಳೆಯ ಇಂಗ್ಲಿಷಿನಲ್ಲಿ ‘ನಫುಗಾರ್’ ಆಗಿತ್ತು. ‘ನಫು’ ಗಾಡಿಚಕ್ರದ ನಡುಭಾಗ, ‘ಗಾರ್’ ಈಟಿ. ಅಚ್ಚು ತೂರಿಸಲು ಚಕ್ರದ ನಡುವಿಗೆ ತೂತು ಕೊರೆಯುವ ಈಟಿ! ಸಂಸ್ಕೃತದ ‘ನಾಭಿ’ಗೂ ಚಕ್ರದ ನಡು ಎಂಬ ಅರ್ಥವಿದೆ. ಇಷ್ಟು ಕೇಳಿದರೆ ಸಾಕು, ಇಂಗ್ಲಿಷೆಲ್ಲ ಸಂಸ್ಕೃತದಿಂದ ಹುಟ್ಟಿತು ಎಂಬ ವಾಟ್ಸಾಪ್ ಸಂದೇಶ ಊರೆಲ್ಲ ಸುತ್ತುತ್ತದೆ. ದಯವಿಟ್ಟು ಬೇಡ. ‘ನಫು’ವೂ ‘ನಾಭಿ’ಯೂ ಒಂದೇ ಹಳೆಯ ತಾಯಿಯ ಮಕ್ಕಳು, ಅಕ್ಕತಂಗಿಯರನ್ನು ತಾಯಿಮಗಳು ಅನ್ನಬಾರದು.

ಮರ ಈಚೆಗೆ ಬಂದದ್ದೂ ಉಂಟು. ‘ಈಕ್’ ಅಂದರೆ ಹೆಚ್ಚಿನದು. ಹೆಚ್ಚಿಗೆ ಇಟ್ಟ ಹೆಸರು ‘ಈಕ್‌ನೇಮ್’. ‘ಅನ್’ ಕಳೆದುಕೊಂಡ ನಕಾರ ಅಂಟಿ ‘ನಿಕ್‌ನೇಮ್’ ಆಯಿತು, ನಮ್ಮ ಅಡ್ಡಹೆಸರು. ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ‘ಯೂಟ್’ ಎಂಬ ಪ್ರಾಣಿ ಹೀಗೇ ‘ನ್ಯೂಟ್’ ಆಯಿತು. ಆದರೆ ನೆಲದ ಮೇಲೆ ಓಡಾಡುವ ಎಳೆಯ ನ್ಯೂಟನ್ನು ಇಂದಿಗೂ ‘ಎಫ್ಟ್’ ಅನ್ನುತ್ತಾರೆ. ಅದೂ ಅದೇ ಹಳೆಯ ಪದದ ಇನ್ನೊಂದು ರೂಪ. ಅದಕ್ಕೆ ಮಾತ್ರ ನಕಾರ ಅಂಟಲೇ ಇಲ್ಲ.