ದಾಸವಾಳದ ಎಸಳಿನ ಗೆರೆಗಳು ಎಲ್ಲಿ ಹೋದವು?

ಹೂವಿನ ಫೋಟೋ ಹಂಚಿಕೊಳ್ಳುವವರಲ್ಲಿ ಒಂದು ಹೆಮ್ಮೆಯ ಮಾತಿದೆ: "ಎಡಿಟ್ ಮಾಡಿಲ್ಲ, ಇದ್ದದ್ದು ಇದ್ದ ಹಾಗೇ." ಹೇಳುವವರ ಉದ್ದೇಶ ಪ್ರಾಮಾಣಿಕವಾದದ್ದೇ. ಆದರೆ ಮಾತು ನಿಜವಲ್ಲ. ಮೊಬೈಲಿನಲ್ಲಿ ಕ್ಲಿಕ್ ಮಾಡಿದ ಮರುಗಳಿಗೆಯಲ್ಲಿ ಪರದೆಯ ಮೇಲೆ ಮೂಡುವ ಚಿತ್ರ ಅಷ್ಟರಲ್ಲೇ ಹಲವು ತಿದ್ದುಪಡಿಗಳನ್ನು ದಾಟಿ ಬಂದಿರುತ್ತದೆ. ತಿದ್ದಿದ್ದು ಫೋನಿನೊಳಗಿನ ಪ್ರೋಗ್ರಾಂ. ಅದನ್ನು ಬರೆದವರು ನಿಮ್ಮ ಹಿತ್ತಲಿನ ಹೂವನ್ನು ಕಂಡವರಲ್ಲ. ಇದಕ್ಕೆ ಸಾಕ್ಷಿ ಬೇಕಿದ್ದರೆ ಕೆಂಪು ದಾಸವಾಳಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಬಿಸಿಲಲ್ಲಿ ಅರಳಿದ ದಾಸವಾಳವನ್ನು ಹತ್ತಿರದಿಂದ ನೋಡಿ. ಎಸಳಿನ ತುಂಬ ಸಣ್ಣ ಗೆರೆಗಳು, ರೇಷ್ಮೆಯ ಹೊಳಪಿನ ಮಡಿಕೆಗಳು, ನಡುವಿಗೆ ಹೋದಂತೆ ಗಾಢವಾಗುವ ಬಣ್ಣ. ಈಗ ಫೋಟೋ ನೋಡಿ. ಹಿಂದಿನ ಎಲೆಗಳು ಚೆನ್ನಾಗಿಯೇ ಬಂದಿವೆ, ಹಳದಿ ಕೇಸರಗಳೂ ಎಣಿಸುವಷ್ಟು ಸ್ಪಷ್ಟ. ಎಸಳುಗಳು ಮಾತ್ರ ಗೆರೆಯಿಲ್ಲದ, ಮಡಿಕೆಯಿಲ್ಲದ ಒಂದೇ ಕೆಂಪು ಕಲೆ. ಲೆನ್ಸ್ ಒರೆಸುತ್ತಾರೆ, ಕೈ ನಡುಗಿತು ಎನ್ನುತ್ತಾರೆ, ದುಬಾರಿ ಫೋನ್ ಕೊಳ್ಳುತ್ತಾರೆ. ದುಬಾರಿ ಫೋನಿನಲ್ಲೂ ಬಹಳ ಸಲ ಅದೇ ಕಲೆ.

ಕಾರಣ ಲೆನ್ಸಿನಲ್ಲಿಲ್ಲ. ಕ್ಯಾಮೆರಾದ ಸೆನ್ಸರ್‌ಗೆ ಬಣ್ಣವೆಂಬುದೇ ಗೊತ್ತಿಲ್ಲ. ಅದರಲ್ಲಿ ಕೋಟಿಗಟ್ಟಲೆ ಪುಟ್ಟ ಮನೆಗಳಿವೆ, ಪ್ರತಿ ಮನೆಗೂ ಗೊತ್ತಿರುವುದು ತನ್ನ ಮೇಲೆ ಎಷ್ಟು ಬೆಳಕು ಬಿತ್ತು ಎಂಬ ಒಂದೇ ಲೆಕ್ಕ. ಬಣ್ಣ ಸಿಗಬೇಕೆಂದು ಮನೆಗಳ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳನ್ನು ಚೌಕಳಿಯಾಗಿ ಜೋಡಿಸಿರುತ್ತಾರೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು. ಇವತ್ತಿನ ಬಹುಪಾಲು ಕ್ಯಾಮೆರಾಗಳು ಇದರದೇ ಸಂತಾನ. ನಮ್ಮ ಕಣ್ಣು ಹಸಿರಿನ ಸುತ್ತಲಿನ ಬೆಳಕಿಗೆ ಹೆಚ್ಚು ಸೂಕ್ಷ್ಮವಾದ್ದರಿಂದ ಬೇಯರ್ ಅರ್ಧದಷ್ಟು ಮನೆಗಳನ್ನು ಹಸಿರಿಗೆ ಕೊಟ್ಟು, ಕೆಂಪು, ನೀಲಿಗಳಿಗೆ ಕಾಲುಕಾಲು ಭಾಗ ಇಟ್ಟರು. ಮನುಷ್ಯರ ಮುಖಕ್ಕೂ ಬೆಟ್ಟಗುಡ್ಡಗಳಿಗೂ ಇದು ಸೊಗಸಾದ ಹಂಚಿಕೆ. ದಾಸವಾಳಕ್ಕೆ ಮಾತ್ರ ಅಲ್ಲ.

ದಾಸವಾಳದ ಎಸಳಿನಲ್ಲಿರುವ ಆಂಥೋಸಯನಿನ್ ವರ್ಣಕ ನೀಲಿ, ಹಸಿರು ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿ, ಸುಮಾರು 600 ನ್ಯಾನೋಮೀಟರ್ ತರಂಗಾಂತರ ದಾಟಿದ ಕೆಂಪನ್ನು ಧಾರಾಳವಾಗಿ ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಸೆನ್ಸರಿನ ಹಸಿರು, ನೀಲಿ ಮನೆಗಳಿಗೆ ಈ ಹೂ ಕತ್ತಲು. ಕೆಂಪು ಮನೆಗಳಿಗೋ, ಅದು ಬಿಳಿ ಪಂಚೆಗೆ ಹತ್ತಿರವಾಗುವಷ್ಟು ಬೆಳಗು. ಹೂವಿನ ವಿವರವನ್ನೆಲ್ಲ ಹೊರಬೇಕಾದ್ದು ಕಾಲು ಭಾಗದಷ್ಟು ಮನೆಗಳು. ಅವೇ ಮೊದಲು ತುಂಬಿಹೋಗುತ್ತವೆ.

ತುಂಬಿದ ಮೇಲೆ ಏನಾಗುತ್ತದೆ ಎಂಬುದೇ ಮುಖ್ಯ. 10 ಕಿಲೋವರೆಗೆ ಮಾತ್ರ ತೂಗುವ ಸ್ಪ್ರಿಂಗ್ ತಕ್ಕಡಿಗೆ 12 ಕಿಲೋದ ಹಲಸಿನಹಣ್ಣು ನೇತುಹಾಕಿ, ಮುಳ್ಳು ಹತ್ತಕ್ಕೆ ಬಂದು ನಿಲ್ಲುತ್ತದೆ. 18 ಕಿಲೋದ್ದನ್ನು ಹಾಕಿದರೂ ಹತ್ತೇ. ಎರಡು ಹಣ್ಣುಗಳ ನಡುವಿನ ವ್ಯತ್ಯಾಸವನ್ನು ಆಮೇಲೆ ಯಾವ ಲೆಕ್ಕಿಗನೂ ಹುಡುಕಿ ಕೊಡಲಾರ. ಎಸಳಿನ ಗೆರೆಯೆಂದರೆ ಅಂಥ ವ್ಯತ್ಯಾಸವೇ: ಇಲ್ಲಿ ಸ್ವಲ್ಪ ಹೆಚ್ಚು ಕೆಂಪು, ಪಕ್ಕದಲ್ಲಿ ಸ್ವಲ್ಪ ಕಡಿಮೆ. ಜೆಪೆಗ್ ಫೈಲಿನಲ್ಲಿ ಪ್ರತಿ ಬಣ್ಣದ ಅಳತೆ 0ಯಿಂದ 255ರವರೆಗೆ. ಗೆರೆಯೂ 255, ಗೆರೆಯ ಪಕ್ಕವೂ 255 ಆದಾಗ ಗೆರೆ ಇಲ್ಲವಾಯಿತು.

ಹಾಗಾದರೆ ಬೆಳಕು ಹೆಚ್ಚಾಯಿತೆಂದು ಕ್ಯಾಮೆರಾಕ್ಕೆ ತಿಳಿಯುವುದಿಲ್ಲವೇ? ಬಿಳಿ ಮಲ್ಲಿಗೆಯಾದರೆ ತಿಳಿಯುತ್ತದೆ, ಏಕೆಂದರೆ ಅಲ್ಲಿ ಮೂರೂ ಬಣ್ಣಗಳು ಒಟ್ಟಿಗೆ ಏರುತ್ತವೆ. ದಾಸವಾಳದಲ್ಲಿ ಏರುವುದು ಒಂದೇ. ಚಿತ್ರದ ಒಟ್ಟು ಪ್ರಖರತೆಯನ್ನು ಲೆಕ್ಕ ಹಾಕುವ ರೂಢಿಯ ಸೂತ್ರದಲ್ಲಿ ಹಸಿರಿಗೆ ಸುಮಾರು ನೂರಕ್ಕೆ 72, ಕೆಂಪಿಗೆ 21, ನೀಲಿಗೆ 7ರ ತೂಕವಿದೆ. ಕೆಂಪು ಅಂಚಿನವರೆಗೆ ತುಂಬಿ ನಿಂತಿದ್ದರೂ ಈ ಲೆಕ್ಕದಲ್ಲಿ ನೂರಕ್ಕೆ 21 ಮಾತ್ರ. ಸುತ್ತಲಿನ ಕಡುಹಸಿರು ಎಲೆಗಳೂ ಮಂಕೇ. ದೃಶ್ಯ ಕತ್ತಲಾಗಿದೆ ಎಂದುಕೊಂಡ ಕ್ಯಾಮೆರಾ ಇನ್ನಷ್ಟು ಬೆಳಕು ಬಿಡುತ್ತದೆ. ಸಾಲದ್ದಕ್ಕೆ ವೈಟ್ ಬ್ಯಾಲೆನ್ಸ್ ಬೇರೆ. ಹಗಲಿನ ಬೆಳಕಿನಲ್ಲಿ ಸೆನ್ಸರಿನ ಕೆಂಪು ಮನೆಗಳು ಹಸಿರಿಗಿಂತ ಕಡಿಮೆ ಸಂಗ್ರಹಿಸುವುದರಿಂದ, ಬಿಳಿ ಬಿಳಿಯಾಗಿಯೇ ಕಾಣಲೆಂದು ಕೆಂಪಿನ ಅಂಕಿಗಳನ್ನು ಹೆಚ್ಚಿನ ಕ್ಯಾಮೆರಾಗಳಲ್ಲಿ ಸುಮಾರು ಎರಡರಿಂದ ಗುಣಿಸುತ್ತಾರೆ. ಸೆನ್ಸರಿನಲ್ಲಿ ಹೇಗೋ ಉಳಿದುಕೊಂಡಿದ್ದ ಗೆರೆಗಳು ಈ ಗುಣಾಕಾರದಲ್ಲಿ ಹತವಾಗುತ್ತವೆ.

ಚೆಂಡುಹೂವಿನ ಗತಿ ಇನ್ನೂ ಸ್ವಾರಸ್ಯಕರ. ಕಿತ್ತಳೆ ಎಂದರೆ ತುಂಬ ಕೆಂಪು, ಅದರ ಅರ್ಧದಷ್ಟು ಹಸಿರು. ಬೆಳಕು ಹೆಚ್ಚಾದಾಗ ಕೆಂಪು 255ಕ್ಕೆ ಬಂದು ನಿಂತುಬಿಡುತ್ತದೆ, ಹಸಿರು ಏರುತ್ತಲೇ ಹೋಗುತ್ತದೆ. ಎರಡೂ ಸಮಸಮವಾಗುತ್ತ ಬಂದ ಹಾಗೆ ಕಿತ್ತಳೆ ಹೂ ಹಳದಿಗೆ ತಿರುಗುತ್ತದೆ. ಯಾರೂ ಬಣ್ಣ ಬದಲಿಸಲಿಲ್ಲ, ಬೆಳಕನ್ನಷ್ಟೇ ಹೆಚ್ಚಿಸಿದರು. ಆದರೂ ತೋಟದಲ್ಲಿ ಇಲ್ಲದ ಹೂವೊಂದು ಫೋಟೋದಲ್ಲಿ ಅರಳಿತು.

ಬಣ್ಣದ ಛಾಯಾಗ್ರಹಣಕ್ಕೆ ಕೆಂಪಿನ ಕಾಟ ಹುಟ್ಟಿನಿಂದಲೇ ಇದೆ. 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಟಾರ್ಟನ್ (ಬಣ್ಣದ ಚೌಕಳಿಯ) ರಿಬ್ಬನ್ನಿನ ಬಣ್ಣದ ಚಿತ್ರವನ್ನು ಪರದೆಯ ಮೇಲೆ ಮೂಡಿಸಿದರು. ಛಾಯಾಗ್ರಾಹಕ ಥಾಮಸ್ ಸಟನ್ ಕೆಂಪು, ಹಸಿರು, ನೀಲಿ ದ್ರವಗಳ ಮೂಲಕ ತೆಗೆದ ಕಪ್ಪುಬಿಳುಪು ಚಿತ್ರಗಳನ್ನು ಅದೇ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಹಾಯಿಸಿದ್ದರು. ಸೋಜಿಗವೆಂದರೆ ಅಂದಿನ ಫೋಟೋ ತಟ್ಟೆಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ! ಹಾಗಾದರೆ ಕೆಂಪು ಎಲ್ಲಿಂದ ಬಂತು? ಈ ಒಗಟು ಬಿಡಿಸಿದ್ದು ನೂರು ವರ್ಷಗಳ ನಂತರ, 1961ರಲ್ಲಿ, ಕೊಡಾಕ್‌ನ ರಾಲ್ಫ್ ಇವಾನ್ಸ್. ರಿಬ್ಬನ್ನಿನ ಕೆಂಪು ಬಣ್ಣ ಅತಿನೇರಳೆ ಕಿರಣಗಳನ್ನೂ ಪ್ರತಿಫಲಿಸುತ್ತಿತ್ತು, ಸಟನ್ನರ ಕೆಂಪು ದ್ರವ ಆ ಕಿರಣಗಳನ್ನೂ ಒಳಗೆ ಬಿಡುತ್ತಿತ್ತು. ತಟ್ಟೆ ದಾಖಲಿಸಿದ್ದು ಕೆಂಪನ್ನಲ್ಲ, ಕಣ್ಣಿಗೆ ಕಾಣದ ಅತಿನೇರಳೆಯನ್ನು. ಜಗತ್ತಿನ ಮೊದಲ ಬಣ್ಣದ ಚಿತ್ರವೆಂದು ಹೆಸರಾದದ್ದರಲ್ಲೇ ಕ್ಯಾಮೆರಾ ಕಂಡದ್ದು ಒಂದು, ಕಣ್ಣು ಕಂಡದ್ದು ಇನ್ನೊಂದು. ಮುಂದೆ ಫಿಲ್ಮ್ ಕಾಲದಲ್ಲೂ ಅಜೆರೇಟಂನಂಥ ನೀಲಿ ಹೂಗಳು ಗುಲಾಬಿ ಬಣ್ಣದಲ್ಲಿ ಬಂದು ತೋಟಗಾರರನ್ನು ಕಾಡಿದವು. ಕಣ್ಣಿಗೆ ಅಷ್ಟಾಗಿ ಕಾಣದ, ಕೆಂಪಿನ ಕಟ್ಟಕಡೆಯ ಬೆಳಕನ್ನು ಆ ಹೂಗಳು ಧಾರಾಳವಾಗಿ ಪ್ರತಿಫಲಿಸುತ್ತಿದ್ದವು, ಫಿಲ್ಮಿಗೆ ಅದು ಕಾಣುತ್ತಿತ್ತು.

ಇಷ್ಟು ತಿಳಿದರೆ ಪರಿಹಾರ ತಾನಾಗಿ ತೋರುತ್ತದೆ. ಫೋನಿನ ಪರದೆಯಲ್ಲಿ ಹೂವನ್ನು ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಎಸಳಿನ ಗೆರೆ ಕಾಣುವ ತನಕ ಎಳೆಯಿರಿ, ಎಲೆಗಳು ಕಪ್ಪಾದರೆ ಆಗಲಿ. ಕಪ್ಪಾದ ಎಲೆಗಳನ್ನು ಮನೆಯಲ್ಲಿ ಬೆಳಗಿಸಬಹುದು, ಕಳೆದ ಗೆರೆಗಳನ್ನು ತರಲಾಗದು. ನಡುಹಗಲ ಬಿಸಿಲಿಗಿಂತ ಶ್ರಾವಣದ ಮೋಡ ಲೇಸು. ಮೆದು ಬೆಳಕಿನಲ್ಲಿ ಎಸಳಿನ ಮೇಲೆ ಬಿಳಿಯ ಹೊಳಪೂ ಕಡಿಮೆ. ಕ್ಯಾಮೆರಾದಲ್ಲಿ ಹಿಸ್ಟೋಗ್ರಾಂ, ಅಂದರೆ ಚಿತ್ರದಲ್ಲಿ ಎಷ್ಟು ಬೆಳಕು ಎಲ್ಲೆಲ್ಲಿಗೆ ತುಂಬಿದೆ ಎಂದು ತೋರುವ ನಕ್ಷೆ, ಇದ್ದರೆ ಒಟ್ಟು ಬೆಳಕಿನದ್ದನ್ನು ಬಿಟ್ಟು ಕೆಂಪಿನದ್ದನ್ನು ನೋಡಿ. ಸಾಧ್ಯವಿದ್ದರೆ ರಾ ಫೈಲ್, ಅಂದರೆ ಸೆನ್ಸರಿನ ಅಂಕಿಗಳನ್ನು ತಿದ್ದದೆ ಇಟ್ಟ ಫೈಲ್, ಉಳಿಸಿಕೊಳ್ಳಿ: ಅಲ್ಲಿ ಅಳತೆಗೋಲು 255ಕ್ಕೆ ನಿಲ್ಲದೆ 12 ಬಿಟ್‌ನಲ್ಲಿ 4,096, 14 ಬಿಟ್‌ನಲ್ಲಿ 16,384 ಮೆಟ್ಟಿಲುಗಳವರೆಗೆ ಹೋಗುತ್ತದೆ, ವೈಟ್ ಬ್ಯಾಲೆನ್ಸಿನ ಗುಣಾಕಾರವೂ ಇನ್ನೂ ಆಗಿರುವುದಿಲ್ಲ.

ಎಡಿಟ್ ಮಾಡಲು ಕೂತಾಗ ಹೆಚ್ಚಿನವರ ಬೆರಳು ಮೊದಲು ಹೋಗುವುದು ಬಣ್ಣದ ಗಾಢತೆಯನ್ನು ಏರಿಳಿಸುವ ಸ್ಯಾಚುರೇಶನ್ ಕಡೆಗೆ. ಕೆಂಪು ಹೂವಿಗೆ ಅದೇ ವಿಷ. ಮಾಮೂಲಿ ಚಿತ್ರಗಳು ಬಳಸುವ ಎಸ್‌ಆರ್‌ಜಿಬಿ ಎಂಬ ಬಣ್ಣದ ಹರವನ್ನು ಎಚ್‌ಪಿ, ಮೈಕ್ರೋಸಾಫ್ಟ್ ಕಂಪನಿಗಳು 1996ರಲ್ಲಿ, ಅಂದಿನ ದಪ್ಪ ಗಾಜಿನ ಮಾನಿಟರುಗಳಿಗೆಂದು ರೂಪಿಸಿದ್ದವು. ಹೂಗಳ ಗಾಢ ಕೆಂಪುಗಳಲ್ಲಿ ಕೆಲವು ಆ ಹರವಿನ ಆಚೆಗೇ ಇವೆ. ಸ್ಯಾಚುರೇಶನ್ ಏರಿಸಿದಷ್ಟೂ ಕೆಂಪು ಗೋಡೆಗೆ ಒತ್ತಿಕೊಳ್ಳುತ್ತದೆ, ಗೆರೆಗಳು ಮತ್ತೆ ಅಳಿಸುತ್ತವೆ. ಅದನ್ನು ತುಸು ಇಳಿಸಿ. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್, ರಾಥೆರಪಿ ಎಂಬ ಫೋಟೋ ತಿದ್ದುವ ತಂತ್ರಾಂಶಗಳಲ್ಲಿ ಕೆಂಪಿನ ಪ್ರಖರತೆಯೊಂದನ್ನೇ ತಗ್ಗಿಸುವ ಸೌಲಭ್ಯವಿದೆ. ಅದನ್ನು ಮೆಲ್ಲಗೆ ಇಳಿಸುತ್ತ ಬಂದಾಗ ರಾ ಫೈಲಿನಿಂದ ಎಸಳಿನ ಗೆರೆಗಳು ಒಂದೊಂದಾಗಿ ಎದ್ದು ಬರುವುದನ್ನು ನೋಡುವ ಖುಷಿಯೇ ಬೇರೆ! ಇದು ಎಡಿಟ್ ಮಾಡಿದ ಚಿತ್ರ ನಿಜ. ಹೂವಿಗೆ ಹೆಚ್ಚು ಹತ್ತಿರವಿರುವುದೂ ಇದೇ.

ಇದೇ ಉಪಕರಣಗಳಲ್ಲಿ ಮೋಸವೂ ನಡೆಯುತ್ತದೆ, ನನಗೆ ನಿಜವಾಗಿ ಸಿಟ್ಟು ಬರುವುದು ಅಲ್ಲಿ. ಕೆಂಪು ಗುಲಾಬಿಯ ಚಿತ್ರದಲ್ಲಿ ವರ್ಣದ ಪಟ್ಟಿಯನ್ನು ನೀಲಿಗೆ ಎಳೆದು "ನೀಲಿ ಗುಲಾಬಿ ಬೀಜ" ಎಂದು ಮಾರುವವರಿದ್ದಾರೆ, ನಂಬಿ ಹಣ ಕಳೆದುಕೊಳ್ಳುವವರೂ ಇದ್ದಾರೆ. ಗುಲಾಬಿ ಗಿಡದಲ್ಲಿ ಡೆಲ್ಫಿನಿಡಿನ್ ಎಂಬ ನೀಲಿಮೂಲದ ವರ್ಣಕ ತಯಾರಿಸುವ ಜೀನ್ ಇಲ್ಲ. ಜಪಾನಿನ ಸಂಟೋರಿ ಕಂಪನಿ ಪ್ಯಾನ್ಸಿ ಹೂವಿನ ಜೀನ್ ಸೇರಿಸಿ 2004ರಲ್ಲಿ ಪ್ರಕಟಿಸಿ 2009ರಲ್ಲಿ ಮಾರಾಟಕ್ಕೆ ತಂದ ಗುಲಾಬಿ ಕೂಡ ತಿಳಿನೇರಳೆಯಷ್ಟೇ. ಪರದೆಯ ಮೇಲಿನ ಆ ಕಡುನೀಲಿ ಯಾವ ಬೀಜದಿಂದಲೂ ಮೊಳೆಯದು.

ಹಾಗಾಗಿ ತಿದ್ದುವಾಗ ಹೂ ಎದುರಿಗಿರಬೇಕು. ನೆನಪಿನಲ್ಲಿ ಉಳಿಯುವ ಬಣ್ಣ ಕಂಡ ಬಣ್ಣಕ್ಕಿಂತ ಗಾಢವಾಗಿರುತ್ತದೆ ಎಂಬುದು ಬಣ್ಣದ ಅಧ್ಯಯನ ಮಾಡಿದವರೆಲ್ಲ ಬಲ್ಲ ಸಂಗತಿ. ರಾತ್ರಿ ಊಟವಾದ ಮೇಲೆ ನೆನಪಿನಿಂದ ತಿದ್ದಿದರೆ ಕೈ ಮತ್ತೆ ಸ್ಯಾಚುರೇಶನ್ ಏರಿಸುತ್ತದೆ. ದಾಸವಾಳದ ಬಾಳು ಒಂದೇ ದಿನದ್ದು. ನನ್ನ ಅಭ್ಯಾಸವೆಂದರೆ ಫೋಟೋ ತೆಗೆದ ಹೂವನ್ನೇ ಕಿತ್ತು ತಂದು, ಕಿಟಕಿಯ ಬೆಳಕು ಬೀಳುವ ಹಾಗೆ ಕಂಪ್ಯೂಟರಿನ ಪಕ್ಕ ಇಟ್ಟುಕೊಂಡು, ಪರದೆಯ ಬೆಳಕನ್ನು ಸುತ್ತಲಿನ ಬೆಳಕಿಗೆ ಹೊಂದಿಸಿ, ಮಧ್ಯಾಹ್ನದೊಳಗೆ ಕೆಲಸ ಮುಗಿಸುವುದು.